‘ಎಲಾ’ ಅಂದರೆ ಬಾ!

‘ಎಲಾ! ಎಲಾ!’

ಮೊದಲ ದಿನ ಕೋಚ್ ಹೀಗೆ ಕೂಗಿದಾಗ ಏನೋ ಎಡವಟ್ಟು ಮಾಡಿದೆ ಅಂದುಕೊಂಡು ಚೆಂಡು ಬಿಟ್ಟು ನಿಂತೇಬಿಟ್ಟೆ. ನಮ್ಮೂರಲ್ಲಿ ‘ಎಲಾ ಇವನ’ ಅಂದರೆ ಬೈಗುಳದ ಪೀಠಿಕೆ. ಗ್ರೀಕ್ ಭಾಷೆಯಲ್ಲಿ ‘ಎಲಾ’ ಅಂದರೆ ‘ಬಾ’ ಎಂದು ಪಕ್ಕದವನು ನಗುತ್ತಾ ಹೇಳಿದ.

ಮಾಸ್ಟರ್ಸ್ ಓದಲು ಭದ್ರಾವತಿಯಿಂದ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋದವನು ನಾನು. ಓದು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾ ದಿನ ದೂಡುತ್ತಿದ್ದೆ. ಮೇಲ್ ತೆರೆದರೆ ಬರೀ ‘ವಿಷಾದಿಸುತ್ತೇವೆ’. ಒಂದು ಸಂಜೆ ಮನೆ ಹತ್ತಿರದ ಮೈದಾನದಲ್ಲಿ ಲೈಟು ಉರಿಯುತ್ತಿತ್ತು, ಫುಟ್‌ಬಾಲ್ ನಡೆಯುತ್ತಿತ್ತು. ‘ನಾನೂ ಆಡಬಹುದಾ?’ ಅಂತ ಕೇಳಿದೆ.

ಅದು ಗ್ರೀಕರ ಪುಟ್ಟ ಹವ್ಯಾಸಿ ಕ್ಲಬ್. ಇಲ್ಲಿ ಸಂಬಳ ಇರಲಿ, ಆಡಲು ನಾವೇ ಶುಲ್ಕ ಕಟ್ಟಬೇಕು. ನನ್ನ ಜೇಬು ಖಾಲಿ. ಅಧ್ಯಕ್ಷರಾದ ಹಿರಿಯರು ಹೇಳಿದ್ದಿಷ್ಟೇ: ‘ಕಂತಿನಲ್ಲಿ ಕೊಡು. ಶನಿವಾರ ಬೇಗ ಬಂದು ಮೈದಾನಕ್ಕೆ ಗೆರೆ ಹಾಕು.’

ಎರಡನೇ ಮಹಾಯುದ್ಧದ ನಂತರ ಸಾವಿರಾರು ಗ್ರೀಕರು ಹಡಗು ಹತ್ತಿ ಈ ಊರಿಗೆ ಬಂದರು. ಹಗಲೆಲ್ಲ ಕಾರ್ಖಾನೆ ದುಡಿಮೆ, ವಾರಾಂತ್ಯಕ್ಕೆ ಚರ್ಚ್ ಮತ್ತು ಫುಟ್‌ಬಾಲ್. ಅವರು 1959ರಲ್ಲಿ ಕಟ್ಟಿದ ಸೌತ್ ಮೆಲ್ಬರ್ನ್ ಹೆಲ್ಲಾಸ್ ನಾಲ್ಕು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. 1991ರ ಫೈನಲ್ ಗೆದ್ದದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಆಗ ಕೋಚ್ ಆಗಿದ್ದವರು ಹಂಗೇರಿಯ ದಂತಕತೆ ಫೆರೆಂಕ್ ಪುಸ್ಕಾಸ್. ನಾಯಕ, ಐದನೇ ವಯಸ್ಸಿನಲ್ಲಿ ಗ್ರೀಸ್‌ನಿಂದ ವಲಸೆ ಬಂದ ಆಂಜ್ ಪೋಸ್ಟೆಕೊಗ್ಲು. ಮುಂದೆ ಇಂಗ್ಲೆಂಡಿನ ಟಾಟನ್‌ಹ್ಯಾಮ್ ತಂಡಕ್ಕೆ 2025ರ ಯುರೋಪಾ ಲೀಗ್ ಗೆಲ್ಲಿಸಿದ ಕೋಚ್ ಇವರೇ. ನಮ್ಮ ಕ್ಲಬ್‌ಗೆ ಇಂಥ ಕಥೆಗಳಿಲ್ಲ. ನಮ್ಮಲ್ಲಿ ಇದ್ದದ್ದು ಕೆಸರು ಮತ್ತು ಯಾಯಾ.

ಯಾಯಾ ಅಂದರೆ ಅಜ್ಜಿ. ಕ್ಯಾಂಟೀನ್ ಅವರದ್ದು. ನಾನು ಮಾಂಸ ತಿನ್ನಲ್ಲ ಅಂದಾಗ ಅಯ್ಯೋ ಪಾಪ ಎಂಬಂತೆ ನೋಡಿದ್ದರು. ಮುಂದಿನ ಶನಿವಾರದಿಂದ ನನಗೆಂದೇ ಪಾಲಕ್ ಪೈ ಬರತೊಡಗಿತು. ಗ್ರೀಕರ ಈಸ್ಟರ್‌ಗೆ ಕೆಂಪು ಬಣ್ಣದ ಮೊಟ್ಟೆಗಳನ್ನು ಒಂದಕ್ಕೊಂದು ಕುಟ್ಟುವ ಆಟವಿದೆ. ಯಾರ ಮೊಟ್ಟೆ ಒಡೆಯುವುದಿಲ್ಲವೋ ಅವರಿಗೆ ವರ್ಷವಿಡೀ ಅದೃಷ್ಟವಂತೆ. ಮೊದಲ ಏಟಿಗೇ ನನ್ನದು ಒಡೆಯಿತು!

ಸೀಸನ್ ಮಾರ್ಚ್‌ನಲ್ಲಿ ಶುರು, ಸೆಪ್ಟೆಂಬರ್‌ಗೆ ಮುಕ್ತಾಯ. ನಡುವೆ ಕೊರೆಯುವ ಚಳಿಗಾಲ. ರಿಸರ್ವ್ ತಂಡದ ಪಂದ್ಯ ಮೊದಲು, ಸೀನಿಯರ್ ತಂಡದ್ದು ಆಮೇಲೆ. ನಾನು ರಿಸರ್ವ್‌ನ ಲೆಫ್ಟ್ ಬ್ಯಾಕ್. ಜುಲೈ ಹೊತ್ತಿಗೆ ಸೀನಿಯರ್ ತಂಡದ ಅರ್ಧದಷ್ಟು ಜನಕ್ಕೆ ಗಾಯ. ಸೋಲಿನ ಮೇಲೆ ಸೋಲು. ಕೊನೆಯ ಪಂದ್ಯಕ್ಕೆ ನನಗೂ ಕರೆ ಬಂತು. ಡ್ರಾ ಆದರೂ ಸಾಕು, ಡಿವಿಜನ್‌ನಲ್ಲಿ ಉಳಿಯುತ್ತಿದ್ದೆವು.

ಎಂಬತ್ತು ನಿಮಿಷ ಸೊನ್ನೆ–ಸೊನ್ನೆ. ಅವರ ವಿಂಗರ್ ನನ್ನನ್ನು ದಾಟಿ ಬಾಕ್ಸ್‌ಗೆ ನುಗ್ಗಿದ. ನಾನು ಕಾಲು ಚಾಚಿದೆ. ಸಿಕ್ಕಿದ್ದು ಚೆಂಡಲ್ಲ, ಅವನ ಕಾಲು. ಪೆನಾಲ್ಟಿ, ಗೋಲು. ನಾವು ಕೆಳಗಿನ ಡಿವಿಜನ್‌ಗೆ ಇಳಿದೆವು. ಬೆಳಿಗ್ಗೆ ಆ ಪೆನಾಲ್ಟಿ ಗೆರೆ ಹಾಕಿದ್ದವನೂ ನಾನೇ.

ಯಾರೂ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು. ಯಾರಿಗೂ ಹೇಳದೆ ಮನೆಗೆ ಹೋದೆ. ಇನ್ನು ಆ ಕಡೆ ಮುಖ ಹಾಕಬಾರದು ಅಂದುಕೊಂಡೆ. ಕೆಲಸಕ್ಕೆ ಅರ್ಜಿ ಹಾಕುವುದನ್ನೂ ಬಿಟ್ಟೆ. ಎಲ್ಲದರಲ್ಲೂ ನಾನು ಇಷ್ಟೇ ಅನ್ನಿಸಿತ್ತು.

ಮಂಗಳವಾರ ಸಂಜೆ ಕೋಚ್ ಫೋನ್. ‘ನೆಟ್ ಬಿಚ್ಚಬೇಕು. ಎಲಾ.’

ಹೋದೆ. ಅಧ್ಯಕ್ಷರು ಏಣಿ ಹಿಡಿದಿದ್ದರು, ನಾನು ಕೊಕ್ಕೆ ಬಿಚ್ಚುತ್ತಿದ್ದೆ. ಅದೇ ಗೋಲು ಕಂಬ. ತಡೆಯಲಾಗದೆ ‘ಸಾರಿ’ ಅಂದೆ. ಅವರು ಮೇಲೆ ನೋಡಿ ಹೇಳಿದರು: ‘ನಾನು ಬಂದ ಮೇಲೆ ಈ ಕ್ಲಬ್ ನಾಲ್ಕು ಸಲ ಕೆಳಗಿಳಿದಿದೆ, ಮೂರು ಸಲ ಮೇಲೆ ಬಂದಿದೆ. ಒಂದು ಬಾಕಿ ಇದೆ. ನೆಟ್ ನೀಟಾಗಿ ಮಡಚು, ಮಾರ್ಚ್‌ಗೆ ಬೇಕು.’

ನಾನು ಸೋತವನೆಂದು ಅವರಿಗೂ ಗೊತ್ತಿತ್ತು. ಆದರೆ ಮಾರ್ಚ್‌ನ ಲೆಕ್ಕದಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದರು. ಆ ರಾತ್ರಿ ಮತ್ತೆ ರೆಸ್ಯೂಮೆ ತೆರೆದೆ.

ಕೆಲಸ ಸಿಕ್ಕಿದ್ದು ನಾಲ್ಕು ತಿಂಗಳ ಬಳಿಕ. ಈಗ ಕೆಳಗಿನ ಡಿವಿಜನ್‌ನಲ್ಲಿ ಆಡುತ್ತಿದ್ದೇವೆ. ಶುಲ್ಕ ಪೂರ್ತಿ ಕಟ್ಟಿದ್ದೇನೆ. ಆದರೂ ಶನಿವಾರ ಗೆರೆ ಹಾಕುವುದು ನಾನೇ. ಹೊಸ ಹುಡುಗರು ಯಾರಾದರೂ ಬೇಲಿಯಾಚೆ ನಿಂತು ನೋಡುತ್ತಿದ್ದರೆ ನಾನೂ ಕೂಗುತ್ತೇನೆ, ‘ಎಲಾ!’