ವಚ್ಚಿಂದಿ ಎಂದರೆ ಬಂದಳೋ, ಬಂತೋ?

ಆಂಧ್ರದ ಗಡಿಯ ಮಡಕಶಿರಾ ಸೀಮೆಯ ಅಮರಾಪುರದಲ್ಲಿ ಅನೇಕರ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲೂಕೂ ಆ ಕಡೆಗೆ ಹೋಯಿತು. ಮಡಕಶಿರಾ ಅದಕ್ಕೆ ಮೊದಲೇ ಅನಂತಪುರ ಜಿಲ್ಲೆಯಲ್ಲಿತ್ತು. ಇಂಥ ಕಡೆ ತೆಲುಗನ್ನು ಕನ್ನಡಕ್ಕೆ ತಿರುಗಿಸುವ ಮೊಬೈಲ್ ನಿತ್ಯದ ಅಗತ್ಯ. ಅದಕ್ಕೆ ಎದುರಾಗುವ ಒಂದೇ ಒಂದು ಪದ ನೋಡಿ: ‘ವಚ್ಚಿಂದಿ’. ತೆಲುಗಿನಲ್ಲಿ ಹೆಣ್ಣುಮಗಳು ಬಂದರೂ ವಚ್ಚಿಂದಿ, ಎಮ್ಮೆ ಬಂದರೂ ವಚ್ಚಿಂದಿ, ಕಾಗದ ಬಂದರೂ ವಚ್ಚಿಂದಿ. ಕನ್ನಡ ಹಾಗೆ ಬಿಡುವುದಿಲ್ಲ; ಬಂದಳು ಅನ್ನಬೇಕು, ಇಲ್ಲವೇ ಬಂತು ಅನ್ನಬೇಕು. ಕರ್ತೃಪದ ಹಿಂದಿನ ವಾಕ್ಯದಲ್ಲೇ ಉಳಿದಿದ್ದರೆ, ಒಂದೊಂದೇ ವಾಕ್ಯವನ್ನು ಎತ್ತಿಕೊಂಡು ಅನುವಾದಿಸುವ ಯಂತ್ರ ಇಲ್ಲಿ ಊಹೆ ಮಾಡುತ್ತದೆ. ತಪ್ಪಿದರೆ ಮನೆಯ ಮಗಳು ‘ಬಂತು’ ಆಗುತ್ತಾಳೆ.

ವ್ಯಾಕರಣದ ಕಾಲ ಮುಗಿಯಿತು, ಈಗಿನ ಯಂತ್ರಗಳು ಕೋಟಿಗಟ್ಟಲೆ ವಾಕ್ಯ ಓದಿ ತಾವೇ ಕಲಿಯುತ್ತವೆ ಎಂಬ ಮಾತು ಕೇಳಿಬರುತ್ತದೆ. ಅದರಲ್ಲಿ ನಿಜವಿದೆ. ಗೂಗಲ್ 2016ರಲ್ಲಿ ತನ್ನ ಅನುವಾದವನ್ನು ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿಗೆ ಬದಲಿಸತೊಡಗಿದ ಮೇಲೆ ಅನುವಾದ ಎಷ್ಟೋ ಸುಧಾರಿಸಿತು. ಅಲ್ಲಿ ಯಾರೂ ಕೂತು ಸಂಧಿ ಸೂತ್ರಗಳನ್ನು ಬರೆದುಕೊಟ್ಟಿರಲಿಲ್ಲ. ಆದರೆ ಓದಿ ಕಲಿಯಲು ಬರಹ ಬೇಕು. ಗಡಿಯ ಕನ್ನಡ ಬಾಯಲ್ಲಿದೆ, ಬರಹದಲ್ಲಿ ಬಹಳ ಕಡಿಮೆ. ಬರಹ ಸಿಕ್ಕಾಗಲೂ ಯಂತ್ರ ಎಲ್ಲಿ ಎಡವುತ್ತದೆಂದು ಮೊದಲೇ ಊಹಿಸಿ, ಅಲ್ಲಿಗೇ ಪರೀಕ್ಷೆಯ ವಾಕ್ಯಗಳನ್ನು ಇಡಬೇಕಲ್ಲ, ಆ ಜಾಗ ಗೊತ್ತಿರುವುದು ಎರಡೂ ಭಾಷೆಗಳ ರಚನೆ ಬಲ್ಲವರಿಗೆ. ಒಟ್ಟಾರೆ ಅಂಕ ಚೆನ್ನಾಗಿದ್ದೂ ಬಂದಳು–ಬಂತುಗಳಲ್ಲಿ ಯಂತ್ರ ಸೋಲುತ್ತಿರಬಹುದು. ಹುಡುಕದಿದ್ದರೆ ಅದು ಕಾಣುವುದೇ ಇಲ್ಲ.

ಕನ್ನಡದಿಂದ ತೆಲುಗಿಗೆ ಹೋಗುವಾಗ ತೊಡಕು ಮಗ್ಗುಲು ಬದಲಿಸುತ್ತದೆ. ‘ನಮ್ಮೂರಿಗೆ ನೀರು ಬೇಕು’ ಎಂದು ಅಧಿಕಾರಿಗೆ ಅರ್ಜಿ ಬರೆದರೆ ಕನ್ನಡಕ್ಕೆ ‘ನಮ್ಮ’ ಸಾಕು. ತೆಲುಗಿನಲ್ಲಿ ಕೇಳುವವನೂ ಸೇರಿದ ‘ನಮ್ಮ’ ಬೇರೆ, ಅವನನ್ನು ಬಿಟ್ಟ ‘ನಮ್ಮ’ ಬೇರೆ: ಮೊದಲನೆಯದು ಮನ, ಎರಡನೆಯದು ಮಾ. ಹೊರಗಿನ ಅಧಿಕಾರಿಗೆ ಬರೆಯುವಾಗ ‘ಮಾ ಊರು’ ಎನ್ನಬೇಕು. ಯಂತ್ರ ‘ಮನ ಊರು’ ಎಂದರೆ ಅಧಿಕಾರಿಯೂ ಆ ಊರಿನವನಾಗುತ್ತಾನೆ. ಈ ಭೇದ ಕನ್ನಡ ವಾಕ್ಯದ ಯಾವ ಅಕ್ಷರದಲ್ಲೂ ಇಲ್ಲ. ಯಾರು ಯಾರಿಗೆ ಬರೆಯುತ್ತಿದ್ದಾರೆ ಎಂದು ಯಂತ್ರ ಕೇಳಿ ತಿಳಿಯಬೇಕು, ಕೇಳಬೇಕೆಂದು ಅದಕ್ಕೆ ಯಾರಾದರೂ ಹೇಳಿಕೊಟ್ಟಿರಬೇಕು.

ಭಾಷಾವಿಜ್ಞಾನದ ಉಪಯೋಗ ಅನುವಾದಕ್ಕೇ ಮುಗಿಯುವುದಿಲ್ಲ. ಅಮರಾಪುರ ಮಂಡಲದ ಹೇಮಾವತಿ ನೊಳಂಬ ಅರಸರ ರಾಜಧಾನಿಯಾಗಿತ್ತು. ಆ ಊರಿನ ಹಳೆಯ ಹೆಸರು ಹೆಂಜೇರು, ಇನ್ನೂ ಹಿಂದಕ್ಕೆ ಹೋದರೆ ಪೆಂಜೇರು. ಕಂಪ್ಯೂಟರಿನಲ್ಲಿ ‘ಹೆಂಜೇರು’ ಎಂದು ಹುಡುಕಿದವರಿಗೆ ‘ಪೆಂಜೇರು’ ಎಂದಿರುವ ಶಾಸನ ಸಿಗದು. ಯಂತ್ರಕ್ಕೆ ಪ ಮತ್ತು ಹ ಎರಡು ಬೇರೆ ಸಂಕೇತಗಳು, ಅಷ್ಟೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತೆಂಬ ಒಂದು ನಿಯಮ ಕೊಟ್ಟರೆ ಎರಡೂ ಕೂಡುತ್ತವೆ. ತೆಲುಗು ಆ ಪಕಾರವನ್ನು ಇಂದಿಗೂ ಉಳಿಸಿಕೊಂಡಿದೆ: ಪುಲಿ–ಹುಲಿ, ಪಾಮು–ಹಾವು, ಪಾಲು–ಹಾಲು. ಹಾಗೆಂದು ನಿಯಮವನ್ನು ಕಣ್ಣುಮುಚ್ಚಿ ಹರಿಬಿಡುವಂತಿಲ್ಲ. ಸಂಸ್ಕೃತದಿಂದ ಬಂದ ಪುಸ್ತಕ ಹುಸ್ತಕವಾಗಲಿಲ್ಲ, ಒತ್ತುಳ್ಳ ಅಪ್ಪ, ಉಪ್ಪು ಹಾಗೇ ನಿಂತವು, ಆಸ್ತಿಯ ಪಾಲು ಕೂಡ ಹಾಲಾಗಲಿಲ್ಲ. ಯಾವುದು ಬದಲಾಯಿತು, ಯಾವುದು ಉಳಿಯಿತು ಎಂಬುದನ್ನು ಪದಪದವಾಗಿ ವಿಚಾರಿಸಬೇಕು. ಕಿಟೆಲ್ 1894ರ ನಿಘಂಟಿನಲ್ಲಿ ಕನ್ನಡ ಪದಗಳ ಪಕ್ಕ ತಮಿಳು, ತೆಲುಗಿನ ರೂಪಗಳನ್ನೂ ಕೊಟ್ಟಿದ್ದರು. ಬರೋ ಮತ್ತು ಎಮೆನೊ 1961ರ ದ್ರಾವಿಡ ನಿಷ್ಪತ್ತಿ ನಿಘಂಟಿನಲ್ಲಿ ಆ ಕೆಲಸವನ್ನು ಇಡೀ ಕುಟುಂಬಕ್ಕೆ ಹಬ್ಬಿಸಿದರು. ಅವರು ಯಂತ್ರಕ್ಕಾಗಿ ಬರೆದವರಲ್ಲ. ಆದರೂ ಹೇಮಾವತಿಯ ಶಾಸನಗಳನ್ನು ಹುಡುಕಿ ಓದಬಲ್ಲ ಸಾಧನವನ್ನು ಯಾರಾದರೂ ಕಟ್ಟಲು ಹೊರಟರೆ ಮೊದಲು ತೆರೆಯಬೇಕಾದ್ದು ಅವರ ಪುಟಗಳನ್ನೇ.