ಸುಂಕದಕಟ್ಟೆಯಲ್ಲಿ ಅಜ್ಜನ ಊಟ

ಸುಂಕದಕಟ್ಟೆ ಅಂದ ಕೂಡಲೇ ಬೆಂಗಳೂರಿನವರಿಗೆ ಮಾಗಡಿ ರಸ್ತೆ, ಸಿಟಿ ಬಸ್ಸು, ಹೊಗೆ ನೆನಪಾದರೆ ತಪ್ಪೇನಿಲ್ಲ. ನಾನು ಹೇಳಹೊರಟಿರುವುದು ಬೇರೊಂದು ಸುಂಕದಕಟ್ಟೆಯ ಕಥೆ. ಕಾರ್ಕ್ ನಗರದಿಂದ ಬ್ಯಾಂಡನ್, ಕ್ಲೊನಕಿಲ್ಟಿ, ಸ್ಕಿಬರೀನ್ ಊರುಗಳನ್ನು ದಾಟಿ ನೈಋತ್ಯಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ, ರಸ್ತೆ ಮುಗಿದು ಸಮುದ್ರ ಶುರುವಾಗುವ ಕಡೆ ಬಾಲ್ಟಿಮೋರ್ ಎಂಬ ಪುಟ್ಟ ಬಂದರು ಹಳ್ಳಿ ಇದೆ. ಕೇಪ್ ಕ್ಲಿಯರ್ ದ್ವೀಪಕ್ಕೆ ದೋಣಿ ಹೊರಡುವುದು ಅಲ್ಲಿಂದಲೇ. ಆ ಹಳ್ಳಿಯ ಕಸ್ಟಮ್ಸ್ ಹೌಸ್, ಅಂದರೆ ನಮ್ಮ ಲೆಕ್ಕದಲ್ಲಿ ಸುಂಕದಕಟ್ಟೆಯಲ್ಲಿ, 'ದೆದೆ' ಎಂಬ ಟರ್ಕಿಶ್ ರೆಸ್ಟೋರೆಂಟ್ ಇದೆ. ದೆದೆ ಅಂದರೆ ಟರ್ಕಿಶ್ ಭಾಷೆಯಲ್ಲಿ ಅಜ್ಜ. ಇಲ್ಲಿ ಅದು ಬಾಣಸಿಗ ಅಹ್ಮೆತ್ ದೆದೆ ಅವರ ಮನೆತನದ ಹೆಸರೂ ಹೌದು.

ನಮ್ಮ ಕೂಟದಲ್ಲಿ ಈ ಜಾಗದ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ. ಒಂದು, "ಟರ್ಕಿಶ್ ಅಂದರೆ ಕಬಾಬ್ ತಾನೇ, ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?" ಇನ್ನೊಂದು, "ಟೇಸ್ಟಿಂಗ್ ಮೆನು ಅಂತೆ, ನೂರಾರು ಯೂರೋ ಕೊಟ್ಟು ಅಂಗೈಯಲ್ಲಿ ಹಿಡಿಸುವಷ್ಟು ಊಟವಂತೆ, ಹೌದಾ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಹುಡುಕುತ್ತ ಹೋದರೆ ನಮ್ಮ ಬಾಳೆಲೆಯವರೆಗೂ ಬರಬೇಕಾಗುತ್ತದೆ.

ಮೊದಲು ಈ ಟೇಸ್ಟಿಂಗ್ ಮೆನು ಏನೆಂದು ನೋಡೋಣ. ಮಾಮೂಲಿ ಹೋಟೆಲಿನಲ್ಲಿ ನಾವು ಪಟ್ಟಿ ನೋಡಿ ಬೇಕಾದ್ದನ್ನು ಹೇಳುತ್ತೇವೆ. ಇಲ್ಲಿ ಆ ಆಯ್ಕೆ ಇಲ್ಲ. ಅಂದಿನ ಊಟ ಏನು, ಯಾವುದರ ಹಿಂದೆ ಯಾವುದು, ಎಷ್ಟು, ಎಲ್ಲವನ್ನೂ ಅಡುಗೆಮನೆಯೇ ನಿರ್ಧರಿಸುತ್ತದೆ. ಎಂಟೋ ಹತ್ತೋ ಹದಿನೈದೋ ತಿನಿಸುಗಳು ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಒಂದಾದ ಮೇಲೊಂದು ಬರುತ್ತವೆ. ತಂದವರು ಅದು ಏನು, ಎಲ್ಲಿಯದು ಎಂದು ಎರಡು ಮಾತು ಹೇಳಿ ಹೋಗುತ್ತಾರೆ. ಎರಡು ಮೂರು ಗಂಟೆ ಹೀಗೇ ಸಾಗುತ್ತದೆ.

ಇದು ಯುರೋಪಿನಲ್ಲೂ ಅಷ್ಟು ಹಳೆಯ ಪದ್ಧತಿಯಲ್ಲ. ಹಿಂದೆ ಫ್ರಾನ್ಸಿನ ಸಿರಿವಂತರ ಔತಣಗಳಲ್ಲಿ ಹತ್ತಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದರು. ಒಂದೊಂದಾಗಿ ಬಡಿಸುವ ಕ್ರಮ 19ನೆಯ ಶತಮಾನದಲ್ಲಿ ಬೇರೂರಿತು. ಅದಕ್ಕೆ 'ರಷ್ಯನ್ ಬಡಿಸುವಿಕೆ' ಎಂದೇ ಹೆಸರು. 1970ರ ದಶಕದಲ್ಲಿ ಫ್ರೆಂಚ್ ಬಾಣಸಿಗರು ಗಟ್ಟಿ ಸಾಸುಗಳನ್ನೂ ತುಂಬಿ ತುಳುಕುವ ತಟ್ಟೆಗಳನ್ನೂ ಬಿಟ್ಟು ಹಗುರ ಅಡುಗೆಯ ಕಡೆ ತಿರುಗಿದರು. ಜಪಾನಿನ ಕೈಸೆಕಿ ಊಟದ ಪ್ರಭಾವವೂ ಅವರ ಮೇಲೆ ಬಿತ್ತು. ಇವೆಲ್ಲ ಸೇರಿ ಇಂದಿನ ಟೇಸ್ಟಿಂಗ್ ಮೆನು ಹುಟ್ಟಿತು.

ಈಗ ಬಾಳೆಲೆಗೆ ಬನ್ನಿ. ಮದುವೆ ಮನೆಯ ಪಂಕ್ತಿಯಲ್ಲಿ ಕೂತವನಿಗೆ ಯಾರಾದರೂ ಮೆನು ಕೊಟ್ಟಿದ್ದುಂಟೇ? ತುದಿ ಎಡಕ್ಕೆ ಬರುವಂತೆ ಎಲೆ ಹಾಕಿ, ಮೇಲಿನ ಮೂಲೆಗೆ ಉಪ್ಪು, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನಕ್ಕೆ ಮೊದಲು ತೊವ್ವೆ ತುಪ್ಪ, ಆಮೇಲೆ ಸಾರು, ಹುಳಿ, ಸಿಹಿ, ಕೊನೆಗೆ ಮಜ್ಜಿಗೆ. ಊರಿಂದೂರಿಗೆ ಕ್ರಮ ಸ್ವಲ್ಪ ಆಚೀಚೆ ಆದರೂ ಕ್ರಮ ಅಂತ ಒಂದು ಇದ್ದೇ ಇರುತ್ತದೆ. ಖಾರವಾದ ಮೇಲೆ ಸಿಹಿ, ಸಿಹಿಯಾದ ಮೇಲೆ ಹುಳಿ ಮಜ್ಜಿಗೆ ಎಂಬುದು ಯಾರೋ ಯೋಚಿಸಿ ಮಾಡಿದ್ದೇ. ಉಣ್ಣುವವನು ಬಡಿಸುವವರನ್ನು ನಂಬಿ ಕೂರುತ್ತಾನೆ. ಟೇಸ್ಟಿಂಗ್ ಮೆನುವಿನ ಗುಟ್ಟೂ ಆ ನಂಬಿಕೆಯೇ. ಒಂದೇ ವ್ಯತ್ಯಾಸ, ನಮ್ಮಲ್ಲಿ "ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ" ಎಂದು ಒತ್ತಾಯ ಮಾಡುವ ಉಪಚಾರ ಉಂಟು. ಇಲ್ಲಿ ಮಾರು ಬಡಿಸುವುದಿಲ್ಲ, ಸಂಕೋಚವಿಲ್ಲದೆ ಕೇಳಿದರೂ!

ಇನ್ನು ಟರ್ಕಿಶ್ ಅಡುಗೆಯ ವಿಷಯ. ಐರ್ಲೆಂಡಿನಲ್ಲಿ ಬಹುಪಾಲು ಜನಕ್ಕೆ ಅದು ಪರಿಚಯವಾದದ್ದು ಶುಕ್ರವಾರ ರಾತ್ರಿ ಪಬ್ ಮುಚ್ಚಿದ ಮೇಲೆ, ಕಾಗದದಲ್ಲಿ ಸುತ್ತಿದ ಡೋನರ್ ಕಬಾಬ್ ರೂಪದಲ್ಲಿ. ನಮ್ಮ ದೇಶದ ಅಡುಗೆಗೂ ಇಲ್ಲಿ ಅದೇ ಗತಿ. ಅದೇ ಅಂಗಡಿಗಳಲ್ಲಿ ಚಿಪ್ಸ್ ಮೇಲೆ ಸುರಿಯುವ ಹಳದಿ ದ್ರವಕ್ಕೆ 'ಕರಿ' ಎಂದು ಹೆಸರು. ವಲಸೆ ಬಂದವರ ಅಡುಗೆ ಅಂದರೆ ಬೇಗ ಸಿಗಬೇಕು, ಅಗ್ಗವಾಗಿರಬೇಕು, ಹೊಟ್ಟೆ ತುಂಬಬೇಕು. ಅದಕ್ಕೊಂದು ವ್ಯಾಕರಣ ಇರಬಹುದು, ಪ್ರಾಂತ್ಯ ಪ್ರಾಂತ್ಯಕ್ಕೂ ಬೇರೆ ನುಡಿಗಟ್ಟು ಇರಬಹುದು ಎಂದು ಯಾರೂ ಯೋಚಿಸುವುದಿಲ್ಲ.

ಆ ವ್ಯಾಕರಣ ನಮಗೆ ಅಪರಿಚಿತವೇನಲ್ಲ. ಶರಬತ್ತು, ಹಲ್ವ, ಪಲಾವ್, ಕಬಾಬ್ ಪದಗಳು ಅರಬ್ಬಿ, ಪಾರಸಿಗಳ ದಾರಿಯಲ್ಲಿ ಅಲ್ಲಿಗೂ ಹೋದವು, ಇಲ್ಲಿಗೂ ಬಂದವು. ನಮ್ಮ ಖೀಮಾ ಟರ್ಕಿಶ್‌ನ 'ಕೈಮಾ'ದ ನಂಟು. ಸೌತೆಕಾಯಿ ಹೆಚ್ಚಿ, ಮೊಸರು, ಬೆಳ್ಳುಳ್ಳಿ, ಒಣ ಪುದೀನ ಕಲಸಿದರೆ ಅವರ 'ಜಾಜಿಕ್'. ಸಾಸಿವೆ ಒಗ್ಗರಣೆ ಹಾಕಿಬಿಟ್ಟರೆ ನಮ್ಮ ಮೊಸರುಬಜ್ಜಿ! 'ಐರಾನ್' ಎಂಬುದು ಉಪ್ಪು ಹಾಕಿದ ಮಜ್ಜಿಗೆ. ಬದನೆಕಾಯಿ ಸೀಳಿ ಒಳಗೆ ತುಂಬುವ 'ಕಾರ್ನಿಯಾರಿಕ್' ನೋಡಿದರೆ ಉತ್ತರ ಕರ್ನಾಟಕದವರಿಗೆ ಎಣ್ಣೆಗಾಯಿ ನೆನಪಾಗದೆ ಇರದು. ಆ ಪದದ ಅರ್ಥವೇ 'ಹೊಟ್ಟೆ ಸೀಳಿದ್ದು'. 'ತರ್ಹಾನ' ಎಂಬುದನ್ನು ಬೇಸಿಗೆಯಲ್ಲಿ ಧಾನ್ಯ, ಮೊಸರು, ತರಕಾರಿ ಕಲಸಿ ಹುಳಿ ಬರಿಸಿ, ಬಿಸಿಲಲ್ಲಿ ಒಣಗಿಸಿ, ಚಳಿಗಾಲದ ಸೂಪಿಗೆ ಎತ್ತಿಡುತ್ತಾರೆ. ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಕಾಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ನನಗೆ ಹಿಡಿಸುವುದು 'ಮಾಂತಿ' ಎಂಬ ಪುಟಾಣಿ ಕಡುಬು. ಕೈಸೇರಿ ಊರಿನಲ್ಲಿ ಒಂದು ಚಮಚದಲ್ಲಿ ನಲವತ್ತು ಹಿಡಿಸಬೇಕು ಎನ್ನುತ್ತಾರೆ. ಬೆಂದ ಮಾಂತಿಯ ಮೇಲೆ ಬೆಳ್ಳುಳ್ಳಿ ಮೊಸರು, ಅದರ ಮೇಲೆ ಬೆಣ್ಣೆ ಕಾಯಿಸಿ ಕೆಂಪು ಮೆಣಸಿನ ತರಿ ಹಾಕಿ ಚೊಂಯ್ ಎಂದು ಸುರಿಯುವುದು. ಒಗ್ಗರಣೆಯಲ್ಲದೆ ಅದು ಮತ್ತೇನು? ಆ ಮೆಣಸಿನಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕಾ ಖಂಡದಿಂದ ಕೊಲಂಬಸನ ನಂತರ ಎರಡೂ ಕಡೆಗೆ ಬಂದು, ಅಲ್ಲಿ ಉರ್ಫಾ ಮೆಣಸಾಯಿತು, ಇಲ್ಲಿ ಬ್ಯಾಡಗಿ ಮೆಣಸಾಯಿತು. ವಲಸೆ ಬಂದದ್ದು ನಾಲ್ಕು ತಲೆಮಾರು ಕಳೆದ ಮೇಲೆ ಊರಿನದ್ದೇ ಆಗಿಬಿಡುತ್ತದೆ.

ಹಾಗಾದರೆ 'ಆಧುನಿಕ' ಟರ್ಕಿಶ್ ಅಡುಗೆ ಅಂದರೇನು? ಇಸ್ತಾನ್‌ಬುಲ್‌ನಲ್ಲಿ ಮೆಹ್ಮೆತ್ ಗ್ಯುರ್ಸ್ ಎಂಬ ಬಾಣಸಿಗರು 2005ರಲ್ಲಿ 'ಮಿಕ್ಲಾ' ತೆರೆದರು. ಹಳ್ಳಿಗಾಡಿನ ಧಾನ್ಯ, ಚೀಸು, ಒಣ ಪದಾರ್ಥಗಳನ್ನು ಹುಡುಕಿ ತಂದು ಹೊಸ ರೀತಿಯಲ್ಲಿ ಬಡಿಸುತ್ತ ಅದಕ್ಕೆ 'ಹೊಸ ಅನತೋಲಿಯಾ ಅಡುಗೆ' ಎಂದು ಹೆಸರಿಟ್ಟರು. ಮಿಶ್ಲಿನ್ ಗೈಡ್ ಇಸ್ತಾನ್‌ಬುಲ್‌ಗೆ ಕಾಲಿಟ್ಟಿದ್ದು 2022ರಲ್ಲಿ.

ಅದಕ್ಕೂ ಮೊದಲೇ ಐರ್ಲೆಂಡಿನ ಈ ತುದಿಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ಅಹ್ಮೆತ್ ದೆದೆ ಇದೇ ಬಾಲ್ಟಿಮೋರ್‌ನ 'ಮ್ಯೂಸ್' ರೆಸ್ಟೋರೆಂಟಿನ ಬಾಣಸಿಗರಾಗಿದ್ದಾಗ 2018ರ ಅಕ್ಟೋಬರಿನಲ್ಲಿ ಅದಕ್ಕೆ ಒಂದು ಮಿಶ್ಲಿನ್ ನಕ್ಷತ್ರ ಬಂತು. ಆಮೇಲೆ ಮರಿಯಾ ಆರ್ಚರ್ ಜೊತೆಗೂಡಿ 2020ರಲ್ಲಿ, ಕೋವಿಡ್ ಕಾಲದಲ್ಲಿ, ಕಸ್ಟಮ್ಸ್ ಹೌಸಿನಲ್ಲಿ ಸ್ವಂತ ಅಡುಗೆಮನೆ ಹೂಡಿದರು. 2021ರಲ್ಲಿ ಒಂದು ನಕ್ಷತ್ರ, 2023ರಲ್ಲಿ ಎರಡನೆಯದು. ಟೈರು ಮಾಡುವ ಕಂಪನಿ 1900ರಲ್ಲಿ ಕಾರಿನವರಿಗಾಗಿ ಶುರುಮಾಡಿದ ಪುಸ್ತಕವಲ್ಲವೇ ಅದು. ಎರಡು ನಕ್ಷತ್ರಕ್ಕೆ ಅದರ ಅರ್ಥ 'ಬಳಸು ದಾರಿಯಾದರೂ ಹೋಗಿ ಉಣ್ಣತಕ್ಕದ್ದು'. ಬಾಲ್ಟಿಮೋರ್ ಯಾವ ದಾರಿಯಲ್ಲೂ ಸಿಗುವುದಿಲ್ಲ, ಬಳಸಿಯೇ ಹೋಗಬೇಕು!

ಇಲ್ಲಿಯ ವಿಶೇಷ ಏನೆಂದರೆ ಊರಿನಿಂದ ಎಲ್ಲವನ್ನೂ ವಿಮಾನದಲ್ಲಿ ತರಿಸಿಕೊಂಡು ಟರ್ಕಿಯನ್ನು ಮರುಸೃಷ್ಟಿ ಮಾಡುವುದಲ್ಲ. ಮೀನು, ಏಡಿ, ಮಾಂಸ, ಹಾಲು, ಬೆಣ್ಣೆ ವೆಸ್ಟ್ ಕಾರ್ಕಿನವು. ಮಸಾಲೆ, ಹುಳಿ, ಹೊಗೆ, ಬಡಿಸುವ ಮನಸ್ಸು ಟರ್ಕಿಯದು. ಋತುವಿಗೆ ತಕ್ಕಂತೆ ಊಟ ಬದಲಾಗುತ್ತದೆ, ಆದ್ದರಿಂದ ನಾನು ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ಆದರೆ ಆ ಬೆಣ್ಣೆಯ ಒಗ್ಗರಣೆಯನ್ನೇ ಯೋಚಿಸಿ. 1770ರಲ್ಲಿ ಕಾರ್ಕಿನಲ್ಲಿ ಸ್ಥಾಪನೆಯಾದ ಬೆಣ್ಣೆ ಮಾರುಕಟ್ಟೆ 19ನೆಯ ಶತಮಾನದಲ್ಲಿ ಲೋಕದಲ್ಲೇ ಅತಿ ದೊಡ್ಡದಾಗಿತ್ತು. ಆ ನಾಡಿನ ಬೆಣ್ಣೆಯಲ್ಲಿ ಟರ್ಕಿಯ ಮೆಣಸು ಸಿಡಿದರೆ ಅದು ಯಾವ ದೇಶದ ಅಡುಗೆ? ಎರಡೂ ದೇಶದ್ದು ಎಂದು ಧೈರ್ಯವಾಗಿ ಹೇಳಲು ಬರುವುದೇ ಇಲ್ಲಿನ ಹೊಸತನ.

ಕಳೆದುಕೊಳ್ಳುವುದೂ ಇದೆ. ಟರ್ಕಿಯ 'ಮೆಜೆ' ಅಂದರೆ ಹತ್ತಾರು ಚಿಕ್ಕ ತಟ್ಟೆಗಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಕೈಹಾಕಿ, ಹರಟುತ್ತ ತಿನ್ನುವುದು. ಅದನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಂದೆ ಒಂದೊಂದು ತುತ್ತು ಇಟ್ಟಾಗ ಗಮನ ಹೆಚ್ಚುತ್ತದೆ, ಗಲಾಟೆ ಕಡಿಮೆಯಾಗುತ್ತದೆ. ಕೈ ಕೈ ತಾಗುವ ಆ ಸಲಿಗೆ ಇಲ್ಲವಾಗುತ್ತದೆ. ಪಂಕ್ತಿಯ ಊಟ ಬಫೆ ಆದಾಗ ನಾವು ಕಳೆದುಕೊಂಡದ್ದು ಬೇರೆ, ಇದು ಬೇರೆ. ಆದರೂ ಕಳೆದದ್ದು ಕಳೆದದ್ದೇ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಇಂಥ ಕಡೆ ಹೋಗಿ ಕೂತ ಮೇಲೆ "ನಾನು ವೆಜಿಟೇರಿಯನ್" ಅನ್ನಬಾರದು. ಪ್ರತಿ ತಿನಿಸಿನ ಹಿಂದೆ ದಿನಗಟ್ಟಲೆ ತಯಾರಿ ಇರುತ್ತದೆ, ಸಾಸಿನ ತಳದಲ್ಲಿ ಮೂಳೆಯ ಸ್ಟಾಕ್ ಇರಬಹುದು, ಸಿಹಿಯಲ್ಲಿ ಜೆಲಟಿನ್ ಇರಬಹುದು. ಸೀಟು ಕಾಯ್ದಿರಿಸುವ ಮೊದಲೇ ಬರೆದು ಕೇಳಿ. ಮೀನು, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಸ್ಪಷ್ಟವಾಗಿ ಹೇಳಿ, ಆಗುವುದಿಲ್ಲ ಎಂದರೆ ಬೇಸರಿಸಬೇಡಿ. ಟರ್ಕಿಶ್ ಅಡುಗೆಯಲ್ಲಿ ತರಕಾರಿಗೆ ಬರವಿಲ್ಲ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿಗಳದೇ ಒಂದು ಪಂಗಡ ಇದೆ. ಹಸಿ ಮಾಂಸವನ್ನು ಗೋಧಿ ನುಚ್ಚಿನೊಡನೆ ನಾದುತ್ತಿದ್ದ 'ಚೀ ಕೋಫ್ತೆ' ಕೂಡ ಇಂದು ಟರ್ಕಿಯ ಅಂಗಡಿಗಳಲ್ಲಿ ಮಾಂಸವಿಲ್ಲದೆಯೇ ಸಿಗುತ್ತದೆ.

ಇನ್ನು ದುಡ್ಡಿನ ಮಾತು. ದುಬಾರಿ ಹೌದು, ಸುಳ್ಳು ಹೇಳುವುದಿಲ್ಲ. ಇಂಥ ಮನೆಗಳಲ್ಲಿ ಕೂರುವವರು ಕೆಲವೇ ಮಂದಿ, ಅಡುಗೆಗೆ ಕೈ ಬಹಳ, ಒಂದು ಮೇಜಿಗೆ ಒಂದು ರಾತ್ರಿಗೆ ಒಂದೇ ಪಂಕ್ತಿ. ಆ ಲೆಕ್ಕ ಗೊತ್ತಿದ್ದರೂ ಬಾಲ್ಟಿಮೋರ್ ದಾರಿಯಲ್ಲಿ ಇನ್ನೊಂದು ಲೆಕ್ಕ ಎದುರಾಗುತ್ತದೆ. ಸ್ಕಿಬರೀನ್ ಬಳಿಯ ಅಬೆಸ್ಟ್ರೂರಿ ಸ್ಮಶಾನದಲ್ಲಿ, 1840ರ ದಶಕದ ಮಹಾಕ್ಷಾಮದಲ್ಲಿ ಸತ್ತ ಎಂಟರಿಂದ ಹತ್ತು ಸಾವಿರ ಜನ ಹೆಸರಿಲ್ಲದೆ ಮಣ್ಣಾಗಿದ್ದಾರೆ. 1876-78ರ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡದ್ದು ಗೊತ್ತಿರುವ ನಮಗೆ ಅಲ್ಲಿ ಕಾರು ನಿಲ್ಲಿಸದೆ ಹೋಗಲು ಮನಸ್ಸು ಬರುವುದಿಲ್ಲ. ಆ ಕ್ಷಾಮಕ್ಕೆ 1847ರಲ್ಲಿ ಸಾವಿರ ಪೌಂಡ್ ಕಳಿಸಿದವರಲ್ಲಿ ಒಬ್ಬರು ಟರ್ಕಿಯ ಸುಲ್ತಾನ ಅಬ್ದುಲ್ ಮಜೀದ್. ಹತ್ತು ಸಾವಿರ ಕೊಡಲು ಹೊರಟಿದ್ದರು, ವಿಕ್ಟೋರಿಯಾ ರಾಣಿ ಕೊಟ್ಟದ್ದು ಎರಡೇ ಸಾವಿರವಾದ್ದರಿಂದ ಇಳಿಸಬೇಕಾಯಿತು ಎಂಬ ಕಥೆಯನ್ನು ಐರಿಷರು ಇಂದಿಗೂ ಹೇಳುತ್ತಾರೆ.

ಬಾಲ್ಟಿಮೋರ್‌ಗೆ ಅದಕ್ಕಿಂತ ಹಳೆಯ ನೆನಪೂ ಉಂಟು. 1631ರ ಜೂನ್ 20ರ ರಾತ್ರಿ ಅಲ್ಜಿಯರ್ಸ್‌ನ ಕಡಲ್ಗಳ್ಳರು ಹಳ್ಳಿಗೆ ನುಗ್ಗಿ ನೂರಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಹೊತ್ತೊಯ್ದರು. ಮರಳಿ ಬಂದವರು ಇಬ್ಬರೋ ಮೂವರೋ. ಅಲ್ಜಿಯರ್ಸ್ ಆಗ ಆಟೊಮನ್ ಆಳ್ವಿಕೆಗೆ ಸೇರಿತ್ತು, ಹಾಗಾಗಿ ಜನರ ಬಾಯಲ್ಲಿ ಅವರೆಲ್ಲ 'ಟರ್ಕರು'. ನಮ್ಮ ಶಾಸನಗಳ 'ತುರುಷ್ಕ'ರಂತೆ ಒಂದೇ ಪದದಲ್ಲಿ ಎಷ್ಟೋ ಜನ. ಆದರೆ ಮುಂದಾಳು ಮುರಾದ್ ರೈಸ್ ಹುಟ್ಟಿನಿಂದ ಡಚ್ಚನಾಗಿದ್ದ! ಟರ್ಕರೆಂದರೆ ಹಾಗೆ ನಡುಗಿದ್ದ ಹಳ್ಳಿಗೆ ಇಂದು ಜನ ಟರ್ಕಿಶ್ ಊಟಕ್ಕೆಂದೇ ಬರುತ್ತಾರೆ. ನಾಲ್ಕು ಶತಮಾನದ ಸುಂಕ ತೀರಿದ ಹಾಗೆ.

ಟರ್ಕಿಶ್ ಊಟದ ಕೊನೆಗೆ ಕಾಫಿ. ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ, ಸೋಸದೆ, ಗಸಿ ಕೆಳಗಿಳಿಯುವವರೆಗೆ ಕಾದು ಕುಡಿಯುವಂಥದ್ದು. ಯುನೆಸ್ಕೊ 2013ರಲ್ಲಿ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇಸ್ತಾನ್‌ಬುಲ್‌ಗೆ ಕಾಫಿ ಬಂದದ್ದೂ ಯೆಮನ್ ಕಡೆಯಿಂದ. ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯದಲ್ಲೂ ಅದೇ ಯೆಮನ್. ಅವರು ಗಸಿ ಬಿಟ್ಟರು, ನಾವು ಫಿಲ್ಟರಿಗೆ ಹಾಕಿ ಹಾಲು ಬೆರೆಸಿದೆವು.

ಪರದೇಶದಲ್ಲಿ ಕೂತು ಕನ್ನಡದಲ್ಲಿ ಬರೆಯುವ ನಮಗೂ ಇದರಲ್ಲೊಂದು ಪಾಠ ಇದೆಯೆಂದು ನನ್ನ ಅನಿಸಿಕೆ. ನಾವು ಬರೆಯುವಾಗ ಹೆಚ್ಚಾಗಿ ಊರಿನ ಮಾವು, ಊರಿನ ಮಳೆ, ಊರಿನ ಅಜ್ಜಿಯನ್ನೇ ಫ್ರೀಜರಿನಿಂದ ತೆಗೆದು ಬಿಸಿ ಮಾಡುತ್ತೇವೆ, ಏಷ್ಯನ್ ಅಂಗಡಿಯ ತೆಂಗಿನತುರಿಯ ಹಾಗೆ. ತಪ್ಪಲ್ಲ, ಆದರೆ ಅಷ್ಟೇ ಸಾಲದು. ಕಿಟಕಿಯಾಚೆ ಬೀಳುತ್ತಿರುವ ಈ ಐರಿಷ್ ಮಳೆಗೂ ಕನ್ನಡದ ಒಗ್ಗರಣೆ ಬೀಳಬೇಕು. ಮುಂದಿನ ಸಂಚಿಕೆಗೆ ಅಂಥದ್ದೊಂದನ್ನು ಬರೆದು ಕಳಿಸುತ್ತೀರಲ್ಲ?