ಕೋಟೆಯೊಳಗೆ ಸಿಕ್ಕಿಬಿದ್ದ ಸಿದ್ದಾಪುರದ ಜವಾನ

ಯಲ್ಲಾಪುರದಲ್ಲಿ ಸಿರ್ಸಿ ಬಸ್ಸು ಹತ್ತಿ ಕೂತಿದ್ದೆ. ಕೈಯಲ್ಲಿದ್ದ ಸಿನಿಮಾ ಪತ್ರಿಕೆ ನೋಡಿ ಪಕ್ಕದ ಸೀಟಿನ ಹಿರಿಯರು ಕೇಳಿದರು: "ತಮ್ಮಾ, 'ಮುತ್ತಿನ ಹಾರ' ನೋಡಿದ್ಯಾ?"

ನೋಡದೆ ಇರ್ತೀನಾ! ಬಾಬು ನಿರ್ದೇಶನ, ಮಿಲಿಟರಿ ದಿರಿಸಿನಲ್ಲಿ ನಮ್ಮ ವಿಷ್ಣುವರ್ಧನ್... 1990ರ ಚಿತ್ರ, ನಾನು ಹುಟ್ಟುವ ಮೊದಲಿನದು. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

"ಅದೇ ವರ್ಷ ಮಾರ್ಚಿನಲ್ಲಿ ನಾ ಶ್ರೀಲಂಕಾದಿಂದ ವಾಪಸ್ ಬಂದದ್ದು" ಅಂದರು.

ನನಗೆ ನಿದ್ದೆ ಹಾರಿತು!

ಸಿದ್ದಾಪುರ ಕಡೆಯವರು. ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಭರ್ತಿಯಾದವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಕೊಲಂಬೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಸಿಂಹಳರ ಸರ್ಕಾರಕ್ಕೂ ತಮಿಳು ಹುಲಿಗಳಿಗೂ ನಡುವಿನ ಅಂತರ್ಯುದ್ಧ ನಿಲ್ಲಿಸಲು ನಮ್ಮ ಶಾಂತಿಪಾಲನಾ ಪಡೆ ಹೋಯಿತು. ಮೊದಲು ಜಾಫ್ನಾದ ಜನ ಹಾರ ಹಾಕಿದರು. ಅಕ್ಟೋಬರ್ ಹೊತ್ತಿಗೆ ಹುಲಿಗಳ ಜೊತೆಗೇ ಯುದ್ಧ! ಡಚ್ಚರ ಕಾಲದ ಐದು ಮೂಲೆಯ ಜಾಫ್ನಾ ಕೋಟೆಯೊಳಗೆ ನಮ್ಮವರು, ಹೊರಗೆ ಮುತ್ತಿಗೆ ಹಾಕಿದ ಹುಲಿಗಳು.

ನಾನು ಪೆದ್ದನ ಹಾಗೆ ಕೇಳಿಯೇಬಿಟ್ಟೆ: "ಎಷ್ಟು ಜನರನ್ನ ಹೊಡೆದ್ರಿ ಯಜಮಾನ್ರೇ?"

"ಎಷ್ಟು ದಿನ ಸ್ನಾನ ಮಾಡ್ಲಿಲ್ಲ ಅಂತ ಕೇಳು, ಹೇಳ್ತೆ. ನೀರು ಮಗ್ಗಿನ ಲೆಕ್ಕ. ಅದರಲ್ಲೇ ಕುಡಿಯೂದು, ಅದರಲ್ಲೇ ಅನ್ನ. ಸಿನಿಮಾದಲ್ಲಿ ವೈರಿಗೆ ಮೀಸೆ ಇರ್ತದೆ, ಗೊತ್ತಾಗ್ತದೆ. ಅಲ್ಲಿ ಲುಂಗಿ ಉಟ್ಟು ಸೈಕಲ್ ಮೇಲೆ ಹೋಗುವವ ಯಾರು? ಹುಲಿಯೋ, ಮೇಷ್ಟ್ರೋ?"

ನಮ್ಮವರ ಕೈಯಲ್ಲಿ ಎಸ್‌ಎಲ್‌ಆರ್, ಅವರ ಕೈಯಲ್ಲಿ ಎ.ಕೆ. 47. ರಸ್ತೆಯಲ್ಲಿ ಹೂತಿಟ್ಟ ನೆಲಬಾಂಬು. ಅಕ್ಟೋಬರ್ 11ರ ರಾತ್ರಿ ಹೆಲಿಕಾಪ್ಟರಿನಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಇಳಿದ ಸಿಖ್ ಪಡೆಯ 30 ಜನರಲ್ಲಿ 29 ಮಂದಿ ಸತ್ತರು, ಒಬ್ಬ ಸೆರೆಸಿಕ್ಕ. ಹೊರಗಿನಿಂದ ನಮ್ಮ ಸೈನ್ಯ ಗಲ್ಲಿ ಗಲ್ಲಿ ದಾಟಿ ಬಂದು ಊರು ಹಿಡಿಯಲು ಎರಡು ವಾರಕ್ಕಿಂತ ಹೆಚ್ಚು ಹಿಡಿಯಿತು.

ಅದೇ ತಿಂಗಳ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ನರ್ಸುಗಳು, ರೋಗಿಗಳು ಸತ್ತದ್ದನ್ನು ಓದಿದ್ದೆ. ಅದನ್ನೂ ಕೇಳಿದೆ. ಅವರು ಕಿಟಕಿಯಾಚೆ ಕಾಡು ನೋಡುತ್ತ ಕೂತರು. ಮುಂದಿನ ಮೂರು ಸ್ಟಾಪು ದಾಟುವವರೆಗೆ ಮಾತಿಲ್ಲ. ನಾನೂ ಮತ್ತೆ ಕೆದಕಲಿಲ್ಲ.

ಎರಡೂವರೆ ವರ್ಷದಲ್ಲಿ ಸುಮಾರು 1,200 ಭಾರತೀಯ ಯೋಧರು ಆ ದ್ವೀಪದಲ್ಲಿ ಪ್ರಾಣಬಿಟ್ಟರು. ನವೆಂಬರ್ 25ರಂದು ಮಡಿದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಬಂತು. ಜಾನ್ ಅಬ್ರಹಾಂನ 'ಮದ್ರಾಸ್ ಕೆಫೆ' 2013ರಲ್ಲಿ ಬಂದಾಗ ಶಿಳ್ಳೆ ಹೊಡೆದ ನನ್ನಂಥವರಿಗೆ ಈ ಹೆಸರು ಗೊತ್ತಿತ್ತಾ? ನನಗಂತೂ ಇರಲಿಲ್ಲ.

ಸಿರ್ಸಿ ಬಂತು. ಸಿದ್ದಾಪುರ ಬಸ್ಸಿಗೆ ಇನ್ನೂ ಹೊತ್ತಿತ್ತು, ಸ್ಟ್ಯಾಂಡಿನಲ್ಲಿ ಚಾ ಕುಡಿದೆವು. ಊರಲ್ಲಿ ಯಾರಾದರೂ ಇದನ್ನೆಲ್ಲ ಕೇಳುತ್ತಾರಾ ಅಂದೆ.

"ರಂ ಕೋಟಾ ಕೇಳ್ತಾರೆ" ಎಂದು ನಕ್ಕರು. ಆಮೇಲೆ ತಾವಾಗಿಯೇ ಹೇಳಿದರು: "1990ರ ಜೂನಿನಲ್ಲಿ ರಜೆ ಮೇಲೆ ಮನೆಯಲ್ಲಿದ್ದೆ. ಅದೇ ಕೋಟೆಗೆ ಹುಲಿಗಳು ಮತ್ತೆ ಮುತ್ತಿಗೆ ಹಾಕಿದ್ದಾರೆ, ಒಳಗೆ ಲಂಕಾದ ಸಿಪಾಯಿಗಳಿದ್ದಾರೆ ಅಂತ ರೇಡಿಯೋದಲ್ಲಿ ಬಂತು. ನಮ್ಮಲ್ಲಿ ಹೊರಗೆ ಧೋ ಅಂತ ಮಳೆ, ಹಂಚಿನಿಂದ ನೀರು ಸುರೀತಾ ಇತ್ತು. ಅವರಿಗೆ ಕುಡಿಯೋಕೆ ನೀರು ಇತ್ತೋ ಇಲ್ವೋ ಅನ್ನಿಸ್ತು ತಮ್ಮಾ."

ಸಿದ್ದಾಪುರ ಬಸ್ಸು ಬಂದು ನಿಂತಿತು. ಚಾ ದುಡ್ಡು ನನ್ನ ಕೈಯಲ್ಲಿ ಕೊಡಲು ಬಿಡಲಿಲ್ಲ.